ಮೀರಾಳ ಗೆಟ್ಟು

ಸನ್ನಿವೇಲ್

ಅಮೆರಿಕಕ್ಕೆ ಹೋಗಿ ಬಂದೆ ಎಂದರೆ ಮೈಸೂರಿನಲ್ಲಿ ಎಲ್ಲರೂ ಮೊದಲು ಆ ಕೆಂಪು ಸೇತುವೆಯ ಬಗ್ಗೆ ಕೇಳುತ್ತಾರೆ. ನೋಡಿದೆ. ಮಂಜು ಕವಿದು ಅರ್ಧ ಸೇತುವೆ ಮಾತ್ರ ಕಂಡಿತು. ಎರಡನೆಯ ಪ್ರಶ್ನೆ ಚಳಿಯ ಬಗ್ಗೆ. ನಮ್ಮ ಧನುರ್ಮಾಸದ ಬೆಳಗಿನಷ್ಟು, ಅಷ್ಟೆ. ಇವೆರಡನ್ನೂ ಹೇಳಿ ಮುಗಿಸಿದ ಮೇಲೆ ನನ್ನ ಹತ್ತಿರ ಉಳಿಯುವುದು ಪಕ್ಕದ ಮನೆಯ ಒಬ್ಬ ಹೆಂಗಸಿನ ಸಂಗತಿ. ಅದನ್ನೇ ಬರೆಯುತ್ತೇನೆ.

ನಾನು ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್ ಆಗಿ ನಿವೃತ್ತಳಾದವಳು. ಬೆಳಗಿನ ಗಂಟೆ, ಸ್ನಾನದ ಸರದಿ, ಸಂಜೆಯ ಹಾಜರಿ, ಇವುಗಳಲ್ಲಿ ಆಯುಷ್ಯ ಕಳೆದಿದೆ. ತಂಗಿ ವಸುಧಾ ಸನ್ನಿವೇಲಿನಲ್ಲಿ ಡಾಕ್ಟರು. ಅವಳ ಮನೆಯಲ್ಲಿ ಗಂಟೆ ಹೊಡೆಯುವವರೂ ಇಲ್ಲ, ಸಾಲು ನಿಲ್ಲುವವರೂ ಇಲ್ಲ. ನಾನು ಹೋದ ಒಂದೇ ವಾರದೊಳಗೆ ಅವಳ ಕಪಾಟುಗಳನ್ನೆಲ್ಲ ಜೋಡಿಸಿ ಮುಗಿಸಿ, ಮುಂದೇನು ಮಾಡಲಿ ಎಂದು ಕೂತಿದ್ದೆ. ಮನೆಯ ಹಿಂದೆ ಒಂದು ಪುಟ್ಟ ಅಂಗಳ. ಮರದ ಬೇಲಿಯ ಆಚೆ ಪಕ್ಕದ ಮನೆಯ ಅಂಗಳ. ಅವರ ಗೇಟಿನ ಚಿಲಕ ಮುರಿದು ಗಾಳಿ ಬಂದಾಗಲೆಲ್ಲ ಪಟಪಟ ಹೊಡೆದುಕೊಳ್ಳುತ್ತಿತ್ತು. ಆ ಸದ್ದು ನನ್ನನ್ನು ಕೂರಲು ಬಿಡುತ್ತಿರಲಿಲ್ಲ.

"ಪಕ್ಕದ್ಮನೆ ಮಿರಿಯಮ್ ಪಾಪ ಕಣಕ್ಕ," ಎಂದಳು ವಸುಧಾ, ಒಂದು ಕೈಯಲ್ಲಿ ಕಾಫಿ, ಇನ್ನೊಂದರಲ್ಲಿ ಕಾರಿನ ಕೀ ಹಿಡಿದು. "ಕೋರ್ಟಲ್ಲಿ ಡಿವೋರ್ಸ್ ಆಗಿ ವರ್ಷಗಳೇ ಆಯ್ತು. ಆ ಗಂಡ ಇನ್ನೂ ಗೆಟ್ಟು ಕೊಟ್ಟಿಲ್ಲ."

"ಗೇಟು ಹಾಕ್ಸಕ್ಕೂ ಗಂಡಾನೇ ಬೇಕಾ? ಅಂಗಡಿಲಿ ಸಿಗಲ್ವಾ?"

"ಗೇಟಲ್ಲ ಅಕ್ಕ... ಸಂಜೆ ಬಂದು ಹೇಳ್ತೀನಿ, ಕ್ಲಿನಿಕ್ಕಿಗೆ ಲೇಟಾಯ್ತು," ಎಂದು ಓಡಿದಳು.

ಸಂಜೆಯವರೆಗೆ ಕಾಯುವ ಜಾಯಮಾನ ನನ್ನದಲ್ಲ. ಸ್ಕ್ರೂಡ್ರೈವರು, ಒಂದು ಹೊಸ ಚಿಲಕ ಹಿಡಿದು ಪಕ್ಕದ ಮನೆಯ ಕರೆಗಂಟೆ ಒತ್ತಿದೆ. ಬಾಗಿಲು ತೆರೆದದ್ದು ನಲವತ್ತರ ಹತ್ತಿರದ, ತಲೆಗೆ ಬಣ್ಣದ ವಸ್ತ್ರ ಕಟ್ಟಿಕೊಂಡ ತೆಳ್ಳನೆಯ ಹೆಂಗಸು. "ನಿಮ್ಮ ಗೇಟು ಕೂರಿಸಿಕೊಡಲು ಬಂದೆ. ಗಂಡ ಕೊಡದಿದ್ದರೆ ಏನಂತೆ, ನಾನಿದ್ದೇನೆ," ಎಂದೆ, ನನ್ನ ಹಾಸ್ಟೆಲ್ ಇಂಗ್ಲಿಷಿನಲ್ಲಿ. ಅವಳು ನನ್ನನ್ನೂ ಚಿಲಕವನ್ನೂ ನೋಡಿದಳು. ಆಮೇಲೆ ನಗಲು ಶುರುಮಾಡಿದವಳು ಮೆಟ್ಟಿಲ ಮೇಲೆ ಕೂತೇಬಿಟ್ಟಳು.

ಗೆಟ್ ಎಂದರೆ ಯಹೂದಿಗಳ ಬಿಡುಗಡೆ ಪತ್ರ. ಸರ್ಕಾರದ ಕೋರ್ಟು ಮದುವೆಯನ್ನು ಮುರಿದರೂ ಅವರ ಧರ್ಮದ ಪ್ರಕಾರ ಅದು ಮುರಿದಂತಲ್ಲ. ಗಂಡನಾದವನು ಸ್ವಂತ ಇಷ್ಟದಿಂದ ಆ ಪತ್ರವನ್ನು ಬರೆಸಿ, ಹೆಂಡತಿಯ ಕೈಗೆ ಹಾಕಬೇಕು. ಅಲ್ಲಿಯವರೆಗೆ ಅವಳು ಅವನ ಹೆಂಡತಿಯೇ. ಅಂಥವಳಿಗೆ ಅವರಲ್ಲಿ ಅಗುನಾ ಎನ್ನುತ್ತಾರೆ, ಕಟ್ಟಿಹಾಕಿದವಳು ಎಂದು ಅರ್ಥ. ಮಿರಿಯಮ್‌ಗೆ ಮತ್ತೆ ಮದುವೆಯಾಗುವ, ಒಂದು ಮಗುವನ್ನು ಹೆರುವ ಆಸೆ. ಗೆಟ್ ಇಲ್ಲದೆ ಬೇರೊಬ್ಬನಿಂದ ಮಗುವಾದರೆ, ಆ ಮಗು ದೊಡ್ಡದಾದ ಮೇಲೆ ಅದಕ್ಕೆ ಅವರ ಜನರಲ್ಲಿ ಮದುವೆಯಿಲ್ಲ. ಇದನ್ನೆಲ್ಲ ಅವಳು ಚಿಲಕ ಕೂರಿಸುವ ನನಗೆ ಸ್ಕ್ರೂ ಎತ್ತಿಕೊಡುತ್ತ ಹೇಳಿದಳು.

ಮಿರಿಯಮ್ ಎಂಬುದು ನನ್ನ ನಾಲಿಗೆಯಲ್ಲಿ ನಿಲ್ಲಲಿಲ್ಲ. ಎರಡು ದಿನಕ್ಕೆ ಮೀರಾ ಆದಳು. ಬೆಳಗಿನ ವಾಕಿಂಗಿಗೆ ಬರುವ ಹಾಸನದ, ಮಂಡ್ಯದ ಅಜ್ಜಿಯರೂ, ಕೊನೆಗೆ ವಸುಧಾಳೂ ಮೀರಾ ಎಂದೇ ಕರೆಯತೊಡಗಿದರು. ಅವಳೂ ಓಗೊಡುತ್ತಿದ್ದಳು. ಇದರಿಂದ ಏನಾದೀತು ಎಂದು ಯಾರಿಗೆ ಗೊತ್ತಿತ್ತು?

ಶನಿವಾರದ ಊಟ

ಶನಿವಾರ ಅವರಿಗೆ ಸಬ್ಬತ್. ಬೆಂಕಿ ಹೊತ್ತಿಸಬಾರದು, ಸ್ವಿಚ್ಚು ಮುಟ್ಟಬಾರದು, ಅಡುಗೆಯೆಲ್ಲ ಹಿಂದಿನ ದಿನವೇ ಆಗಿ ಬೆಚ್ಚಗೆ ಇಟ್ಟಿರಬೇಕು. ಮೀರಾ ನಮ್ಮಿಬ್ಬರನ್ನು ಮಧ್ಯಾಹ್ನದ ಊಟಕ್ಕೆ ಕರೆದಳು, ನಮಗಾಗಿ ಒಂದು ತರಕಾರಿ ಪಾತ್ರೆಯನ್ನು ಬೇರೆಯೇ ಇಟ್ಟಿದ್ದಳು. ಅವಳ ಅಡುಗೆಮನೆಯಲ್ಲಿ ಹಾಲಿನ ಚಮಚಗಳಿಗೆ ಒಂದು ಸೆಳೆಖಾನೆ, ಮಾಂಸದ ಚಮಚಗಳಿಗೆ ಇನ್ನೊಂದು, ಎರಡೂ ಬೆರೆಯಬಾರದು. ನಾನು ಒಯ್ದ ಮೊಸರನ್ನಕ್ಕೆ ನಾನೇ ಕೈಚಾಚಿ ಚಮಚ ತೆಗೆದದ್ದು ತಪ್ಪು ಸೆಳೆಖಾನೆಯಿಂದ. ಮೀರಾಳ ಮುಖ ನೋಡಿದ ತಕ್ಷಣ ನನಗೆ ನಮ್ಮ ತಂದೆಯ ತಂಗಿ ಪುಟ್ಟತ್ತೆಯ ಮುಖ ಕಂಡಿತು. ಮುಸುರೆಯ ಕೈಯಲ್ಲಿ ಉಪ್ಪಿನಕಾಯಿ ಜಾಡಿ ಮುಟ್ಟಿದರೆ ಪುಟ್ಟತ್ತೆ ಹೀಗೇ ನೋಡುತ್ತಿದ್ದಳು. ಬೈಗುಳವಿಲ್ಲ, ಒಂದು ನೋಟ ಸಾಕು. ನಾನು ಚಮಚವನ್ನು ಅಲ್ಲೇ ಇಟ್ಟು ಕೈ ಹಿಂದಕ್ಕೆ ಕಟ್ಟಿಕೊಂಡೆ, ಏಳು ವರ್ಷದ ಹುಡುಗಿಯ ಹಾಗೆ.

ಎರಡನೆಯ ಅನಾಹುತ ಬಚ್ಚಲುಮನೆಯದು. ಖಾಲಿ ಕೋಣೆಯಲ್ಲಿ ದೀಪ ಉರಿಯುವುದನ್ನು ಕಂಡರೆ ನನ್ನ ಕೈ ತಾನಾಗಿ ಸ್ವಿಚ್ಚಿಗೆ ಹೋಗುತ್ತದೆ. ಆರಿಸಿ ಬಂದೆ. ಸ್ವಲ್ಪ ಹೊತ್ತಿಗೆ ಅತಿಥಿಗಳಲ್ಲೊಬ್ಬರಾದ, ಅವರ ಜನರೇ ಆದ ನಿವೃತ್ತ ಮೇಷ್ಟ್ರು ಎದ್ದು ಹೋದವರು, ಹಾಗೆಯೇ ತಿರುಗಿ ಬಂದು ಗೋಡೆಯ ಕಡೆ ನೋಡುತ್ತ, "ಒಳಗೆ ಬಹಳ ಕತ್ತಲೆ ಇದೆಯಪ್ಪ," ಎಂದರು.

ವಸುಧಾ ನನ್ನ ತೊಡೆ ಚಿವುಟಿದಳು. "ಅಕ್ಕ, ನಿನಗೇ ಹೇಳ್ತಿರೋದು. ನೇರವಾಗಿ ಹಾಕಿ ಅಂತ ಕೇಳೋ ಹಾಗಿಲ್ಲ ಅವ್ರು."

ಎದ್ದು ಹೋಗಿ ದೀಪ ಹಾಕಿದೆ. ಮನಸ್ಸು ಮಾತ್ರ ಮೈಸೂರಿನ ನಮ್ಮ ಚಾಮರಾಜಪುರಂ ಮನೆಯ ಹಿತ್ತಿಲಿನಲ್ಲಿತ್ತು. ಮಡಿಯಲ್ಲಿದ್ದಾಗ ಪುಟ್ಟತ್ತೆ ನಮ್ಮನ್ನು ಮುಟ್ಟುವಂತಿಲ್ಲ, ಮಡಿಯಿಲ್ಲದ ನಮಗೆ ಕೆಲಸ ಹೇಳಲೂ ಅವಳಿಗೆ ಮನಸ್ಸಿಲ್ಲ. ತುಳಸಿಕಟ್ಟೆಯ ಕಡೆ ತಿರುಗಿ, "ಯಾರೋ ಪುಣ್ಯಾತ್ಗಿತ್ತಿ ಬಚ್ಚಲ ಕೊಡ ತುಂಬಿಸ್ದೇ ಹೋಗಿದಾಳೆ ನೋಡಮ್ಮ," ಎಂದು ತುಳಸಿಗೆ ಹೇಳುತ್ತಿದ್ದಳು. ನಾನು ಓಡಿಹೋಗಿ ತುಂಬಿಸುತ್ತಿದ್ದೆ. ನನಗೆ ಶಿಸ್ತು ಕಲಿಸಿದವಳು ಅವಳು. ಹಾಸ್ಟೆಲಿನ ಗಂಟೆ ಬಂದದ್ದು ಆಮೇಲೆ.

ಊಟದ ನಡುವೆ ಚರ್ಚೆ ಎದ್ದಿತು. ಮೀರಾಳ ಗೆಳತಿ ರೂತ್ ವಕೀಲೆ. ಮದುವೆಗೆ ಮುಂಚೆಯೇ, ಬೇರೆಯಾದರೆ ಗೆಟ್ ಕೊಡುತ್ತೇನೆ ಎಂದು ಗಂಡಿನಿಂದ ಒಪ್ಪಂದ ಬರೆಸಿಕೊಳ್ಳಬೇಕು, ಅದಿಲ್ಲದವರಿಗೆ ಧರ್ಮದ ಪಂಚಾಯಿತಿಯೇ ಮದುವೆಯನ್ನು ರದ್ದು ಮಾಡಬೇಕು ಎಂಬುದು ಅವಳ ವಾದ. ಅವರಲ್ಲೇ ಸುಧಾರಣೆಯ ಪಂಥದವರು ಗೆಟ್ ಇಲ್ಲದೆಯೂ ಮದುವೆ ಮಾಡಿಸುತ್ತಾರಂತೆ. "ಅಲ್ಲಿಗೇ ಹೋಗು ಅಂತ ಇವಳಿಗೆ ಎಷ್ಟು ಸಲ ಹೇಳಿದೀನಿ," ಎಂದಳು.

ಮೇಷ್ಟ್ರು ತಲೆ ಅಲ್ಲಾಡಿಸಿದರು. "ಒಪ್ಪಂದ ಆಗಲಿ, ನಾನೂ ಒಪ್ತೀನಿ. ರದ್ದು ಮಾಡೋದಂದ್ರೆ? ಇವರಿಬ್ಬರೂ ಸಂಸಾರ ಮಾಡಿಲ್ವಾ? ಬಲವಂತದಿಂದ ಕೊಡಿಸಿದ್ದೂ ಬಿಡುಗಡೆ ಅಲ್ಲ. ಕೊಡೋನಿಗೆ ಮನಸ್ಸಿರಬೇಕು."

"ಅವನಿಗೆ ಮನಸ್ಸು ಬರೋವರೆಗೆ ಇವಳ ವಯಸ್ಸು ಕಾಯುತ್ತಾ ಮೇಷ್ಟ್ರೇ?" ಎಂದಳು ರೂತ್.

ಅನ್ನ ಕಲೆಸಿದ ನನ್ನ ಕೈ ಹಾಗೇ ನಿಂತಿತು. ಇದೇ ಮಾತುಗಳನ್ನು ನಾನು ಒಮ್ಮೆ ಕೇಳಿದ್ದೇನೆ. ಪುಟ್ಟತ್ತೆಯ ಗಂಡ ಮದುವೆಯ ಮರುವರ್ಷ ಮುಂಬಯಿಗೆ ಹೋದವನು ಬರಲಿಲ್ಲ, ಕಾಗದವೂ ಬರಲಿಲ್ಲ. ನಾನು ಚಿಕ್ಕವಳಿದ್ದಾಗ ಹಿಂದೂ ವಿವಾಹ ಕಾಯ್ದೆ ಬಂದ ಹೊಸದು. ಏಳು ವರ್ಷ ಗಂಡನ ಸುದ್ದಿಯಿಲ್ಲದಿದ್ದರೆ ಬಿಡುಗಡೆ ಕೇಳಬಹುದೆಂದು ನಮ್ಮ ತಂದೆ ಪತ್ರಿಕೆಯನ್ನು ಗಟ್ಟಿಯಾಗಿ ಓದಿದರು. "ಅಗ್ನಿಸಾಕ್ಷಿಯಾಗಿ ಆದದ್ದನ್ನ ಕಾಗದ ಬಿಡಿಸುತ್ತೇನೋ?" ಎಂದು ತಾತ ಕೂಗಾಡಿದರು. ಹಾಲು ತಂದ ಕೆಂಪಮ್ಮ ಹೊಸ್ತಿಲಾಚೆ ನಿಂತು, "ಅದ್ಯಾಕ್ ಬುದ್ಧಿ ಅಷ್ಟೊಂದ್ ಮಾತು? ನಮ್ಮೋರಲ್ಲಿ ಪಂಚಾಯ್ತಿ ಮುಂದ್ಗಡೆ ಕಡ್ಡಿ ಮುರುದ್ರೆ ಆಗೋಯ್ತು," ಎಂದಳು. ಎಲ್ಲರೂ ಮಾತಾಡಿದ ಮೇಲೆ ತಂದೆ ಅತ್ತೆಯ ಕಡೆ ತಿರುಗಿ, "ಪುಟ್ಟಿ, ನೀನೇನು ಹೇಳ್ತಿ?" ಎಂದರು. ಅವಳು, "ಅನ್ನ ಆರ್ತಾ ಇದೆ, ಏಳಿ ಎಲ್ರೂ," ಎಂದು ಒಳಗೆ ಹೋದಳು. ಆ ಮಾತು ಅಲ್ಲಿಗೆ ನಿಂತದ್ದು ಮತ್ತೆ ಏಳಲಿಲ್ಲ. ಕೊನೆಯವರೆಗೂ ಬೆಳಿಗ್ಗೆ ಕುಂಕುಮ ಇಟ್ಟುಕೊಂಡಳು. ಅರಿಶಿನ ಕುಂಕುಮಕ್ಕೆ ಕರೆದವರು ಅವಳ ಮುಂದೆ ಬಂದಾಗ ಒಂದು ಕ್ಷಣ ತಡೆಯುತ್ತಿದ್ದರು. ಆ ಕ್ಷಣ ನನಗೆ ಇನ್ನೂ ಕಾಣುತ್ತದೆ.

ಮೀರಾ ಸೌಟು ಹಿಡಿದು ನಿಂತಿದ್ದಳು. ಅವಳೂ ಊಟ ಆರುತ್ತದೆ ಎನ್ನುತ್ತಾಳೆಂದುಕೊಂಡೆ. ಸೌಟು ಕೆಳಗಿಟ್ಟಳು.

"ನಾನಿಲ್ಲೇ ಇದೀನಿ. ನನ್ನನ್ನ ಕೇಳಿ. ರೂತ್, ನಿನ್ನ ದಾರಿ ತಪ್ಪು ಅನ್ನಲ್ಲ, ಅದು ನನ್ನ ದಾರಿ ಅಲ್ಲ. ನಾನು ಈ ನಿಯಮದೊಳಗೇ ಬದುಕಿದವಳು. ಮುಂದೆ ಬರೋರಿಗಾಗಿ ನೀವು ಕಾನೂನು ತಿದ್ದಿ, ನಾನೂ ಜೊತೆಗೆ ಬರ್ತೀನಿ. ನನಗೆ ಮಾತ್ರ ಅವನ ಕೈಯಿಂದ ಪತ್ರ ಬೇಕು. ಮೇಷ್ಟ್ರೇ, ಅವನಿಗೆ ಮನಸ್ಸಿರಬೇಕು ಅಂತೀರಲ್ಲ, ಆ ಮನಸ್ಸು ಎಲ್ಲಿದೆ ಅಂತ ನೀವು ಯಾರಾದರೂ ಹೋಗಿ ಕೇಳಿದೀರಾ?"



"ನಾನು ಬರ್ತೀನಿ," ಎಂದೆ. ಹಾಸ್ಟೆಲಿನಲ್ಲಿ ಹಟ ಹಿಡಿದ ಹುಡುಗಿಯರ ಅಪ್ಪಂದಿರ ಮನೆಗೆಲ್ಲ ಹೋಗಿ ಬಂದವಳು ನಾನು.

ಗಿಲ್‌ರಾಯ್

ಮೀರಾಳ ಕಾರಿನಲ್ಲಿ ನಾವಿಬ್ಬರೂ ಅವಳ ಗಂಡನ ಊರಿಗೆ ಹೊರಟೆವು. ದಕ್ಷಿಣಕ್ಕೆ ಹೋಗುವ ಫ್ರೀವೇಯಲ್ಲಿ ಊರು ಕಾಣುವ ಮೊದಲೇ ಬೆಳ್ಳುಳ್ಳಿಯ ವಾಸನೆ ಬಂತು. ಗಿಲ್‌ರಾಯ್ ಬೆಳ್ಳುಳ್ಳಿಯ ಊರು. ನಮ್ಮ ಮನೆಯಲ್ಲಿ ಅದರ ಹೆಸರೆತ್ತುವಂತಿರಲಿಲ್ಲ. ನಾನದನ್ನು ಮೊದಲು ತಿಂದದ್ದು ಕೆಲಸಕ್ಕೆ ಸೇರಿದ ಮೇಲೆ, ಹಾಸ್ಟೆಲಿನ ಚಟ್ನಿಪುಡಿಯಲ್ಲಿ. ರಜೆಗೆ ಮನೆಗೆ ಹೋದಾಗ ಪುಟ್ಟತ್ತೆ ಮೂಗೆಳೆದು, "ಮೊದ್ಲು ತಲೆಗೆ ನೀರು ಹಾಕ್ಕೊಂಡು ಬಾ, ಆಮೇಲೆ ಮಾತು," ಎನ್ನುತ್ತಿದ್ದಳು. ಸ್ನಾನ ಮಾಡಿ ಬಂದರೆ ಹತ್ತಿರ ಕರೆದು, ದನಿ ತಗ್ಗಿಸಿ, "ಹೇಗಿರತ್ತೇ ಅದು, ರುಚಿ?" ಎಂದು ಕೇಳುತ್ತಿದ್ದಳು.

ಮೀರಾಳ ಗಂಡ ಏರನ್ ಅಲ್ಲಿ ಗಿಡಗಳ ನರ್ಸರಿ ನಡೆಸುತ್ತಾನೆ. ನಾನು ಒಬ್ಬ ರಾಕ್ಷಸನನ್ನು ನೋಡಲು ಸಿದ್ಧಳಾಗಿದ್ದೆ. ಕಂಡವನು ಉಗುರಿನಲ್ಲಿ ಮಣ್ಣಿದ್ದ, ನಿದ್ದೆಗೆಟ್ಟ ಕಣ್ಣಿನ ಸಾಧಾರಣ ಮನುಷ್ಯ. ನನಗೆ ಕುರ್ಚಿ ತಂದು ಹಾಕಿದ.

"ನಾನೇನು ಅವಳನ್ನ ಹಿಡಿದಿಟ್ಕೊಂಡಿದೀನಾ?" ಎಂದು ನನ್ನನ್ನೇ ಕೇಳಿದ.

"ಹಿಡಿದಿಲ್ಲ. ಬಿಟ್ಟೂ ಇಲ್ಲವಲ್ಲ," ಎಂದೆ.

"ಪ್ರಾರ್ಥನೆಗೆ ಹೋದ್ರೆ ನನ್ನ ಪಕ್ಕ ಯಾರೂ ಕೂರಲ್ಲ. ಎಲ್ಲರೂ ಸೇರಿ ನನ್ನನ್ನ ರಾಕ್ಷಸ ಮಾಡಿದಾರೆ. ಈಗ ಕೊಟ್ರೆ ಸೋತು ಕೊಟ್ಟ ಅಂತಾರೆ."

"ರಾಕ್ಷಸ ಅಂತ ನಾನು ಯಾರ ಹತ್ರಾನೂ ಹೇಳಿಲ್ಲ ಏರನ್," ಎಂದಳು ಮೀರಾ. "ಹಟಮಾರಿ ಅಂದಿದೀನಿ. ನನ್ನ ನಿಂಬೆಗಿಡಕ್ಕೆ ನೀರು ಜಾಸ್ತಿ ಹಾಕಿ ಕೊಳೆಸಿದ ಅಂದಿದೀನಿ."

"ಅದು ಒಂದ್ಸಲ."

"ಮೂರು ಗಿಡ!"

ಅವನ ತುಟಿ ಕೊಂಚ ಸಡಿಲವಾಯಿತು. ನಾನು ಬೇರೆ ಕಡೆ ತಿರುಗಿ ಕೂತೆ. ಒಂದು ಕಾಲಕ್ಕೆ ಗಂಡಹೆಂಡಿರಾಗಿದ್ದವರು ಜಗಳವಾಡುವುದನ್ನು ನೋಡಬಹುದು, ನಗುವುದನ್ನು ನೋಡುವುದು ಕಷ್ಟ.

ಹೊರಡುವಾಗ ಅವನೆಂದ: "ಪತ್ರ ಬರೆಸೋಕೆ ಮಂಗಳವಾರ ಬರ್ತೀನಿ. ಅಲ್ಲಿ ಯಾರೂ ನನಗೆ ಉಪದೇಶ ಮಾಡಬಾರದು, ಅಷ್ಟೆ."

ಅಡುಗೆಮನೆಯ ಡ್ರಿಲ್

ಗೆಟ್ ಪಡೆಯುವುದಕ್ಕೂ ಕ್ರಮವಿದೆ. ಉಂಗುರ ಬಳೆ ತೆಗೆದು, ಎರಡೂ ಕೈ ಜೋಡಿಸಿ ಬೊಗಸೆ ಹಿಡಿಯಬೇಕು. ಗಂಡ ಪತ್ರವನ್ನು ಮೇಲಿಂದ ಬಿಡುತ್ತಾನೆ. ಹೆಂಡತಿ ಕೈ ಮುಂದೆ ಚಾಚಬಾರದು, ಎಳೆದುಕೊಳ್ಳಬಾರದು. ಅವನು ಕೊಟ್ಟದ್ದಾಗಬೇಕು, ಇವಳು ತೆಗೆದುಕೊಂಡದ್ದಾಗಬಾರದು. ಬಿದ್ದ ಮೇಲೆ ಮುಚ್ಚಿ, ಎತ್ತಿ, ಕಂಕುಳಲ್ಲಿಟ್ಟುಕೊಂಡು ಬಾಗಿಲ ಕಡೆ ನಾಲ್ಕು ಹೆಜ್ಜೆ ನಡೆದು ತನ್ನದಾಯಿತೆಂದು ತೋರಿಸಬೇಕು.

"ಇಷ್ಟು ವರ್ಷ ಕಾದಿದೀನಿ, ನನ್ನ ಕೈ ತಾನಾಗೇ ಮುಂದೆ ಹೋಗುತ್ತೆ, ನನಗೆ ಗೊತ್ತು," ಎಂದಳು ಮೀರಾ.

ಕೈಗೆ ಅಭ್ಯಾಸ ಮಾಡಿಸುವುದೇ ನನ್ನ ಕಸುಬು. ಅಂಚೆಯಲ್ಲಿ ಬಂದ ಜಾಹೀರಾತಿನ ಹಾಳೆ ಮಡಿಸಿ ವಸುಧಾಳ ಕೈಗೆ ಕೊಟ್ಟು, "ನೀನು ಗಂಡ," ಎಂದೆ.

"ನಾನ್ಯಾಕೆ ಅಕ್ಕ ಅಂಥ ಗಂಡ!" ಎಂದಳು, ಆದರೂ ನಿಂತಳು.

"ಕೈ ಎತ್ತಬೇಡ! ಮೊಣಕೈ ಒಳಗೆ! ಮತ್ತೆ! ಈಗ ಫ್ರಿಜ್ಜಿನವರೆಗೆ ನಡಿ, ತಿರುಗಿ ಬಾ!" ನನ್ನ ಹಳೆಯ ದನಿ ವಾಪಸು ಬಂತು. ಮೀರಾ ನಗುತ್ತ, ಬೈಸಿಕೊಳ್ಳುತ್ತ, ಬಹಳ ಹೊತ್ತು ಅಭ್ಯಾಸ ಮಾಡಿದಳು.

ಅವಳ ಖಾಲಿ ಬೊಗಸೆಯನ್ನು ನೋಡುತ್ತ ಪುಟ್ಟತ್ತೆಯ ಮಾತು ನೆನಪಾಯಿತು. ನಮ್ಮಲ್ಲಿ ಮದುವೆಯಾಗುವುದು ಬೊಗಸೆಯಲ್ಲಿ. ಕೈಮೇಲೆ ಕೈಯಿಟ್ಟು ಧಾರೆ ಎರೆಯುತ್ತಾರೆ. "ಕೈ ಅಲುಗಿಸಬೇಡ ಅಂದ್ರು, ಅಲುಗಿಸಲೇ ಇಲ್ಲ ನಾನು," ಎನ್ನುತ್ತಿದ್ದಳು ಪುಟ್ಟತ್ತೆ, ನನಗೆ ಜಡೆ ಹೆಣೆಯುತ್ತ. "ಆ ನೀರು ಇನ್ನೂ ಕೈಯಿಂದ ಜಾರಿಲ್ಲ ನೋಡು." ಹೇಳಿ ನಗುತ್ತಿದ್ದಳು. ನಾನೂ ನಗುತ್ತಿದ್ದೆ.

ಸ್ಯಾನ್ ಫ್ರಾನ್ಸಿಸ್ಕೊ

ಏರುಬೀದಿಯೊಂದರ ಬೇಕರಿಯ ಮೇಲಿನ ಕೋಣೆ. ಮೂವರು ರಬ್ಬಿಗಳು, ಎಂದರೆ ಅವರ ಧರ್ಮಪಂಡಿತರು, ಪತ್ರ ಬರೆಯುವ ಒಬ್ಬ ಲಿಪಿಕಾರ, ಇಬ್ಬರು ಸಾಕ್ಷಿಗಳು. ಸಾಕ್ಷಿಗೆ ಹೆಂಗಸರು ಆಗುವುದಿಲ್ಲವಂತೆ. ನಾನು ಮೂಲೆಯ ಕುರ್ಚಿಯಲ್ಲಿ ಬರೀ ಜೊತೆಗೆ ಬಂದವಳು. ಏರನ್ ಟೋಪಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಪತ್ರ ಅವಳ ಕೈಗೆ ಬೀಳುವ ಕ್ಷಣದವರೆಗೂ ಅವನು ಬೇಡವೆಂದು ಎದ್ದುಹೋಗಬಹುದು, ಯಾರೂ ತಡೆಯುವಂತಿಲ್ಲ.

ಮೊದಲು ಹೆಸರುಗಳ ವಿಚಾರಣೆ. ಯಾವ ಯಾವ ಹೆಸರಿನಿಂದ ಕರೆಯುತ್ತಾರೋ ಅಷ್ಟೂ ಪತ್ರದಲ್ಲಿರಬೇಕು. ಒಂದು ಬಿಟ್ಟರೂ ಪತ್ರದ ಮೇಲೆ ಸಂಶಯ.

"ಮಿರಿಯಮ್ ಅಲ್ಲದೆ ಬೇರೆ ಹೆಸರಿದೆಯೇ?" ಎಂದು ಕೇಳಿದರು ಹಿರಿಯ ರಬ್ಬಿ.

"ಚಿಕ್ಕಂದಿನಲ್ಲಿ ಮಿಮಿ ಅಂತಿದ್ರು." ಮೀರಾ ತಡೆದಳು. ಸುಳ್ಳು ಹೇಳುವಂತಿಲ್ಲ. ನನ್ನ ಕಡೆ ನೋಡಿದಳು. "ಈಗೀಗ ಮೀರಾ ಅಂತಾರೆ."

"ಯಾರು?"

"ನಮ್ಮ ಬೀದಿಯ ಅರ್ಧ ಜನ."

ಕೋಣೆಯ ಕಣ್ಣುಗಳೆಲ್ಲ ನನ್ನ ಮೇಲೆ ಬಿದ್ದವು. ಮೀರಾ ಎಂಬುದು ಬೇರೆ ಹೆಸರೋ, ಮಿರಿಯಮ್ಮಿನ ಮೊಟಕೋ? ಕರೆದರೆ ತಿರುಗುತ್ತಾಳೋ? ನಾನು ಊರಿಗೆ ಹೋದ ಮೇಲೂ ಕರೆಯುತ್ತಾರೋ? "ತಿರುಗುತ್ತಾಳೆ. ಮಿರಿಯಮ್ ಎನ್ನಲು ನನಗೆ ಬಾರದೆ ಹಾಗಾಯಿತು," ಎಂದೆ. ಹಾಗಾದರೆ ಇದು ಉಚ್ಚಾರಣೆಯ ದೋಷವೋ, ಹೊಸ ಹೆಸರೋ? ಮೂವರೂ ದಪ್ಪ ಪುಸ್ತಕಗಳನ್ನು ಬಿಚ್ಚಿ ತಲೆಗೆ ತಲೆ ಕೂಡಿಸಿದರು. ಅವರು ಅವಳ ಒಳ್ಳೆಯದಕ್ಕೇ ಇಷ್ಟು ಕೂದಲು ಸೀಳುತ್ತಿದ್ದಾರೆಂದು ತಿಳಿಯುತ್ತಿತ್ತು. ಆದರೆ ಹೊತ್ತು ಹೋಗುತ್ತಿತ್ತು.

ಏರನ್ ಎದ್ದು ಟೋಪಿ ಹಾಕಿಕೊಂಡ. "ಇದಕ್ಕೇ ನಾನು ಬರಲ್ಲ ಅಂದಿದ್ದು," ಎಂದು ಬಾಗಿಲ ಕಡೆ ನಡೆದ.

"ಏಯ್, ಕೂತ್ಕೋ!"

ಅದು ನನ್ನ ದನಿ. ಹಾಸ್ಟೆಲಿನ ಇಡೀ ಊಟದ ಕೋಣೆಯನ್ನು ಒಂದೇ ಸಲಕ್ಕೆ ಕೂರಿಸುತ್ತಿದ್ದ ದನಿ, ಅಚ್ಚ ಕನ್ನಡದಲ್ಲಿ. ಏರನ್ ಪಕ್ಕದ ಕುರ್ಚಿಯಲ್ಲಿ ತಟ್ಟನೆ ಕೂತ. ರಬ್ಬಿಗಳು ಪುಸ್ತಕದಿಂದ ತಲೆ ಎತ್ತಿದರು.

"ಆ ಅಮ್ಮ ಏನಂದರು?"

"ಕೂತುಕೋ ಅಂದೆ," ಎಂದೆ. ಬಲವಂತದ ಬಿಡುಗಡೆ ಬಿಡುಗಡೆಯಲ್ಲ ಎಂಬ ಮೇಷ್ಟ್ರ ಮಾತು ಆಗ ನೆನಪಾಯಿತು. ಮೀರಾ ಕಣ್ಣು ಮುಚ್ಚಿಕೊಂಡಿದ್ದಳು.

"ಅವರು ಹೇಳಿದ್ದಕ್ಕೆ ಕೂತಿರೋ, ನಿಮ್ಮ ಇಷ್ಟದಿಂದಲೋ?" ಎಂದು ಹಿರಿಯ ರಬ್ಬಿ ಏರನ್‌ನನ್ನು ಕೇಳಿದರು.

"ಅವರು ಏನಂದ್ರೋ ನನಗೇನು ಗೊತ್ತು? ಅರ್ಥವಾಗದ ಭಾಷೇಲಿ ಬಲವಂತ ಮಾಡಕ್ಕಾಗತ್ತಾ?" ಎಂದ ಏರನ್. ಲಿಪಿಕಾರ ನಕ್ಕುಬಿಟ್ಟ.

ಹಿರಿಯ ರಬ್ಬಿ ನಗಲಿಲ್ಲ. ಎದ್ದು ಹೋಗಿ ಬಾಗಿಲನ್ನು ಪೂರ್ತಿ ತೆರೆದರು. "ಕೆಳಗೆ ಹೋಗಿ. ಗಾಳಿಗೆ ನಿಂತು ಬನ್ನಿ. ಬರಲೇಬೇಕು ಅಂತ ಇಲ್ಲ. ಬಂದರೆ ನಿಮ್ಮ ಇಷ್ಟದಿಂದ ಬಂದಿರಿ ಅಂತ ನಾವು ತಿಳೀತೀವಿ."

ಏರನ್ ಮೆಟ್ಟಿಲಿಳಿದು ಹೋದ ಸದ್ದು ಕೇಳಿತು. ನನಗೆ ಆ ಮುದುಕರ ಮೇಲೆ ಬಂದ ಸಿಟ್ಟನ್ನು ಹೇಳಲಾರೆ. ಕೈಗೆ ಬಂದದ್ದನ್ನು ಬಾಗಿಲು ತೆರೆದು ಕಳಿಸುವುದೇ? ಮೀರಾ ತನ್ನ ಎರಡು ಕೈಗಳನ್ನು ಮಡಿಲಲ್ಲಿ ಜೋಡಿಸಿಟ್ಟುಕೊಂಡು ಅವನ್ನೇ ನೋಡುತ್ತ ಕೂತಿದ್ದಳು. ಬೇಕರಿಯ ರೊಟ್ಟಿಯ ವಾಸನೆ ಬರುತ್ತಿತ್ತು. ಪುಟ್ಟತ್ತೆ ಕಾದದ್ದೂ ಹೀಗೆಯೇ ಇರಬೇಕು, ಮೊದಲ ವರ್ಷಗಳಲ್ಲಿ, ಬೀದಿಯಲ್ಲಿ ಜಟಕಾ ನಿಂತ ಸದ್ದಾದಾಗಲೆಲ್ಲ.

ಮೆಟ್ಟಿಲ ಮೇಲೆ ಹೆಜ್ಜೆ ಕೇಳಿತು. ಏರನ್ ಕೈಯಲ್ಲಿ ಕಾಫಿಯ ಲೋಟ ಹಿಡಿದು ಒಳಗೆ ಬಂದು ಕೂತ. "ನನ್ನಿಷ್ಟದಿಂದ," ಎಂದ. "ಬರೀರಿ."

ಲಿಪಿಕಾರ ಬರೆದ. ಒಂದೊಂದು ಅಕ್ಷರವೂ ಬೇರೆ ಬೇರೆ, ಒಂದಕ್ಕೊಂದು ತಾಕದಂತೆ, ಮಸಿ ಆರಲು ಬಿಟ್ಟು. ಮಿರಿಯಮ್, ಮಿಮಿ ಎಂದೂ ಮೀರಾ ಎಂದೂ ಕರೆಯಲ್ಪಡುವವಳು. ಅವರ ಆ ಪ್ರಾಚೀನ ಲಿಪಿಯಲ್ಲಿ ನನ್ನ ಮೈಸೂರಿನ ನಾಲಿಗೆಯ ತಪ್ಪೂ ಸೇರಿತು.

ಮೀರಾ ನಿಂತಳು. ಬೊಗಸೆ ಹಿಡಿದಳು. ಮೊಣಕೈ ಒಳಗಿತ್ತು, ಕೈ ಅಲುಗಲಿಲ್ಲ. ಇದು ನಿನ್ನ ಬಿಡುಗಡೆ ಪತ್ರ, ಇನ್ನು ನೀನು ಯಾರನ್ನು ಬೇಕಾದರೂ ವರಿಸಬಹುದು ಎಂಬರ್ಥದ ಮಾತುಗಳನ್ನು ಏರನ್ ರಬ್ಬಿ ಹೇಳಿಕೊಟ್ಟಂತೆ ಹೇಳಿದ. ದನಿ ಒಂದು ಕಡೆ ಒಡೆಯಿತು. ಮಡಿಸಿದ ಪತ್ರವನ್ನು ಬಿಟ್ಟ. ಅದು ಬಿತ್ತು. ಅವಳು ಕೈ ಮುಚ್ಚಿದಳು, ಎತ್ತಿದಳು, ಕಂಕುಳಲ್ಲಿಟ್ಟುಕೊಂಡು ಬಾಗಿಲ ಕಡೆ ನಡೆದಳು.

ನಾಲ್ಕು ಹೆಜ್ಜೆಗೆ ನಿಂತು ತಿರುಗಬೇಕಿತ್ತು. ನಿಲ್ಲಲಿಲ್ಲ. ಬಾಗಿಲು ದಾಟಿದಳು, ಮೆಟ್ಟಿಲಿಳಿದಳು. ಕಿಟಕಿಯಿಂದ ನೋಡಿದರೆ ಏರುಬೀದಿ ಹತ್ತುತ್ತಿದ್ದಳು. ತಲೆಯ ವಸ್ತ್ರ ಗಾಳಿಗೆ ಹಾರುತ್ತಿತ್ತು.

"ಅಯ್ಯೋ, ಪತ್ರ ವಾಪಸು ಬೇಕು!" ಎಂದರು ಹಿರಿಯ ರಬ್ಬಿ, ನನ್ನ ಪಕ್ಕಕ್ಕೆ ಓಡಿಬಂದು. "ಅದರ ಮೂಲೆ ಕತ್ತರಿಸಿ ನಾವು ಇಟ್ಟುಕೋಬೇಕು. ಅಮ್ಮಾ, ನಿಮ್ಮ ಆ ದನಿಯಲ್ಲಿ ಒಂದು ಸಲ ಕರೀರಿ."

ನಾನು ಕರೆಯಲಿಲ್ಲ.

"ಬರ್ತಾಳೆ. ಸ್ವಲ್ಪ ನಡೀಲಿ, ಬಿಡಿ," ಎಂದೆ, ಕನ್ನಡದಲ್ಲೇ. ಈ ಸಲ ಅವರು ಅರ್ಥ ಕೇಳಲಿಲ್ಲ.